ಅತ್ತೆಯವರ ಬೆರಳೂ ನನ್ನ ಮಹಾಪ್ರಬಂಧವೂ

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು ಮದುವೆಗೆ ಒಪ್ಪುವ ಮೊದಲು ಸ್ವಲ್ಪ ಯೋಚನೆ ಮಾಡಬೇಕು. ಸಿವಿಲ್ ಓದಿದವನಿಗೆ ಈ ತಾಪತ್ರಯವಿಲ್ಲ. ಹೆಂಡತಿಯ ಕಡೆಯವರು ಯಾರೂ ಸೇತುವೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು 'ಇದನ್ನೊಂದು ಸ್ವಲ್ಪ ನೋಡಿ' ಎನ್ನುವುದಿಲ್ಲ. ನನ್ನ ವಿಷಯ ಹಾಗಲ್ಲ. ಮದುವೆಯಾದ ಮೊದಲ ವರ್ಷದಲ್ಲೇ ನನ್ನ ಮುಂದೆ ಎರಡು ಪಂಪ್ ಸ್ಟೌ, ಒಂದು ಗೋಡೆ ಗಡಿಯಾರ, ಸೈಕಲ್ಲಿನ ಡೈನಮೊ, ಹೊಲಿಗೆ ಯಂತ್ರದ ಒಂದು ಭಾಗ ಇವೆಲ್ಲ ಬಂದು ಕೂತವು. ಗೌರಿಬಿದನೂರಿನಿಂದ ಬಂದ ಬೀಗರೊಬ್ಬರು ಛತ್ರಿಯನ್ನೇ ಬಿಚ್ಚಿ ಮುಂದಿಟ್ಟರು. ನಾನು ಛತ್ರಿಯ ಕಡ್ಡಿಗಳನ್ನು ಗಂಭೀರವಾಗಿ ನೋಡಿ, ಇದರಲ್ಲಿ ಲೋಹದ ದಣಿವು ಇದೆ ಎಂದೆ. ಅವರು ಬಹಳ ಸಂತೋಷಪಟ್ಟು ಛತ್ರಿಯನ್ನು ಹಾಗೇ ಮಡಿಚಿಕೊಂಡು ಹೋದರು. ಈಗ ಒಪ್ಪಿಕೊಂಡುಬಿಡುತ್ತೇನೆ: ನಾನು ಜೀವಮಾನದಲ್ಲಿ ಒಂದು ಪಂಪ್ ಸ್ಟೌ ಕೂಡ ರಿಪೇರಿ ಮಾಡಿದವನಲ್ಲ. ಅದರ ತೊಟ್ಟಿಯ ಗೋಡೆ ಎಷ್ಟು ಒತ್ತಡ ತಡೆಯುತ್ತದೆ ಎಂದು ಎರಡು ಪುಟ ಲೆಕ್ಕ ಮಾಡಿ ಕೊಡಬಲ್ಲೆ. ಉರಿಯದಿದ್ದರೆ ಪಿನ್ನು ಹಾಕಿ ಚುಚ್ಚುವವಳು ನನ್ನ ಹೆಂಡತಿ ಸರೋಜ.

ನಾನು ಚಿಂತಾಮಣಿಯವನು. ನಮ್ಮಪ್ಪ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಮನೆಯಲ್ಲಿ ಕನ್ನಡ, ಅಂಗಡಿ ಬೀದಿಯಲ್ಲಿ ತೆಲುಗು, ಪಕ್ಕದ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಬೆತ್ತ, ಹೀಗೆ ನಾಲ್ಕು ಭಾಷೆ ಕಲಿತು ಬೆಳೆದೆ. ಬೆಂಗಳೂರಿಗೆ ಹೋಗಿ ಎಂಜಿನಿಯರಿಂಗ್ ಮುಗಿಸಿದಾಗ ನಮ್ಮಪ್ಪ ತರಕಾರಿ ಮಂಡಿಯಲ್ಲಿ ಸಿಕ್ಕಿದವರಿಗೆಲ್ಲ 'ಮಾವಾಡು ಇಂಜಿನೀರು', ನಮ್ಮ ಹುಡುಗ ಎಂಜಿನಿಯರು, ಎಂದು ತೆಲುಗಿನಲ್ಲೇ ಹೇಳಿಕೊಂಡು ತಿರುಗಿದರಂತೆ. ಆಮೇಲೆ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಐವತ್ತರ ದಶಕದ ನಡುಭಾಗ. ದೇಶವನ್ನು ಕಟ್ಟುವವರು ನಾವೇ ಎಂದು ನಾವೆಲ್ಲ ನಂಬಿಕೊಂಡು, ಖಾಕಿ ಅಂಗಿ ಹಾಕಿಕೊಂಡು, ಬೆಳಗ್ಗೆ ಸೈರನ್ನಿಗೆ ಸರಿಯಾಗಿ ಓಡುತ್ತಿದ್ದ ಕಾಲ. ನನ್ನನ್ನು ಹಾಕಿದ್ದು ತಪಾಸಣೆ ವಿಭಾಗಕ್ಕೆ. ಬೇರೆಯವರು ಮಾಡಿದ ಭಾಗಗಳನ್ನು ಗೇಜಿನಲ್ಲಿ ಅಳೆದು, ಅಂಗುಲದ ಸಾವಿರದಲ್ಲೊಂದು ಪಾಲು ಹೆಚ್ಚುಕಡಿಮೆಯಾಗಿದ್ದರೂ ಪಕ್ಕಕ್ಕಿಡುವುದು ನನ್ನ ಕೆಲಸ. ಆ ಕೆಲಸ ನನ್ನ ತಲೆಗೆ ಎಷ್ಟು ಹತ್ತಿತೆಂದರೆ ಮನೆಯಲ್ಲಿ ದೋಸೆಯ ಅಂಚನ್ನೂ ಬೆರಳಲ್ಲಿ ಹಿಡಿದು ಅನುಮಾನದಿಂದ ನೋಡುತ್ತಿದ್ದೆ. ಐದು ವರ್ಷ ನನ್ನನ್ನು ಸಹಿಸಿಕೊಂಡ ಫೋರ್ಮನ್ನು ಒಂದು ದಿನ ಪ್ರೀತಿಯಿಂದಲೇ, ನೀನು ತಪ್ಪು ಹುಡುಕೋದರಲ್ಲಿ ಗಟ್ಟಿಗ ಕಣಪ್ಪ, ಕಾಲೇಜಿಗೆ ಹೋಗು, ಅಲ್ಲಿ ಅದಕ್ಕೆ ಸಂಬಳ ಕೊಡ್ತಾರೆ ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಕಾಲೇಜಿನಲ್ಲಿ ಲೆಕ್ಚರರ್ ಆಗಿ ಸೇರಿಕೊಂಡೆ.

ಕಾಲೇಜಿಗೆ ಬಂದಮೇಲೆ ಗೊತ್ತಾಯಿತು, ಅಲ್ಲಿ ಮುಂದಕ್ಕೆ ಹೋಗಬೇಕಾದರೆ ಡಾಕ್ಟರೇಟ್ ಬೇಕು. ಅದಿಲ್ಲದವನು ಲೆಕ್ಚರರ್ ಆಗಿ ಸೇರಿ ಲೆಕ್ಚರರ್ ಆಗಿಯೇ ನಿವೃತ್ತನಾಗುತ್ತಾನೆ. ನನ್ನ ಗೈಡ್ ಆದವರು ಸಣ್ಣ ದನಿಯ, ದಪ್ಪ ಕನ್ನಡಕದ, ಕೋಟಿನ ಜೇಬಿನಲ್ಲಿ ಸದಾ ಸೀಮೆಸುಣ್ಣ ಇಟ್ಟುಕೊಂಡಿರುತ್ತಿದ್ದ ಪ್ರೊಫೆಸರು. ಹಡಗಿನ ಎಂಜಿನ್ನಿನ ಮೇಲೆ ಸಂಶೋಧನೆ ಮಾಡುತ್ತೇನೆ ಎಂದು ಅವರ ಮುಂದೆ ನಿಂತೆ. ಅವರು ನನ್ನನ್ನು ಬಹಳ ಹೊತ್ತು ನೋಡಿ, ನಿಮ್ಮ ಮಾವನ ಮನೆ ಎಲ್ಲಿ ಎಂದು ಕೇಳಿದರು. ಶಿಡ್ಲಘಟ್ಟ ಎಂದೆ. ಮಾವನ ಊರಿನಲ್ಲಿ ಮನೆಮನೆಗೂ ರೇಷ್ಮೆ ಬಿಚ್ಚುತ್ತಿರುವಾಗ ಹಡಗಿನ ಯೋಚನೆ ಯಾಕಪ್ಪ ಎಂದರು. ಅಲ್ಲಿಗೆ ನನ್ನ ವಿಷಯ ತೀರ್ಮಾನವಾಯಿತು.

ರೇಷ್ಮೆ ಬಿಚ್ಚುವುದು ಗೊತ್ತಿಲ್ಲದವರಿಗೆ ಎರಡು ಮಾತು. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಅದರ ಎಳೆ ಬಿಡಿಸಿಕೊಳ್ಳುತ್ತದೆ. ಒಂದು ಎಳೆ ಕಣ್ಣಿಗೇ ಕಾಣದಷ್ಟು ಸಣ್ಣದು. ಏಳೆಂಟು ಗೂಡುಗಳ ಎಳೆಗಳನ್ನು ಕೂಡಿಸಿ ಎಳೆದರೆ ಒಂದು ನೂಲು. ಒಂದು ಗೂಡು ಮುಗಿದು ಅದರ ಎಳೆ ಬಿಟ್ಟುಹೋದರೆ ನೂಲು ಅಷ್ಟು ತೆಳ್ಳಗಾಗುತ್ತದೆ. ತಕ್ಷಣ ಹೊಸ ಗೂಡಿನ ಎಳೆಯನ್ನು ಸೇರಿಸಬೇಕು. ತಡವಾದರೆ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನೇಯುವವನ ಕೈಯಲ್ಲಿ ಪಟಕ್ಕನೆ ಹರಿಯುತ್ತದೆ. ಇದನ್ನೆಲ್ಲ ನಮ್ಮ ಹೆಂಗಸರು ಕಣ್ಣಂದಾಜಿನಲ್ಲಿ, ಕೈಯಂದಾಜಿನಲ್ಲಿ ಮಾಡುತ್ತಾರೆ. ಸಾವಿರದಲ್ಲೊಂದು ಪಾಲಿಗೆ ಜಗಳವಾಡಿ ಬಂದಿದ್ದ ನನಗೆ ಅಂದಾಜು ಎನ್ನುವ ಮಾತೇ ಬೈಗುಳದ ಹಾಗೆ ಕೇಳುತ್ತಿತ್ತು. ಅಂದಾಜಿನ ಜಾಗದಲ್ಲಿ ಒಂದು ಯಂತ್ರ ಇಟ್ಟುಬಿಡಬೇಕು, ನೂಲು ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ ಬರಬೇಕು, ಅದೇ ನನ್ನ ಸಂಶೋಧನೆ.

ಮಾವನವರು ಚನ್ನರಾಯಪ್ಪನವರು ಇದನ್ನು ಕೇಳಿ ಹಿಗ್ಗಿಹೋದರು. ಅವರದು ಊರಾಚೆ ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಕೈಚರಕ. ಚರಕ ತಿರುಗಿಸಲು ಒಬ್ಬಳು ಕೆಲಸದವಳು ಬರುತ್ತಿದ್ದಳು. ನೀರಿನಲ್ಲಿ ಕೈಯಿಟ್ಟು ನೂಲು ಬಿಚ್ಚುತ್ತಿದ್ದವರು ನಮ್ಮ ಅತ್ತೆಯವರು, ಪಿಳ್ಳಮ್ಮನವರು. ಹನ್ನೆರಡನೇ ವಯಸ್ಸಿಗೆ ಗೂಡು ಬೇಯಿಸುವ ಬಾಣಲೆಯ ಮುಂದೆ ಕೂತವರು, ಹೆರಿಗೆಯ ದಿನಗಳನ್ನು ಬಿಟ್ಟರೆ ಎದ್ದಿರಲಿಲ್ಲವಂತೆ. 'ಅಂತೆ' ಎನ್ನುವುದಕ್ಕೆ ಕಾರಣವಿದೆ. ಅವರ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಬೇರೆಯವರು ಹೇಳಿದ್ದೇ. ಆ ಮನೆಯ ಪದ್ಧತಿಯಲ್ಲಿ ಅತ್ತೆಯಾದವರು ಅಳಿಯನ ಎದುರಿಗೆ ನಿಲ್ಲುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಏನಾದರೂ ಹೇಳಬೇಕಾದರೆ ಬಾಗಿಲ ಮರೆಯಲ್ಲಿ ನಿಂತು, ನಡುಮನೆಯ ಕಂಬಕ್ಕೋ ಕಿರಿಯ ಮಗಳು ವನಜಳಿಗೋ ಹೇಳುತ್ತಿದ್ದರು. 'ಅಳಿಯಂದಿರಿಗೆ ಇನ್ನೊಂದು ಮುದ್ದೆ ಬೇಕೇನೋ ಕೇಳಮ್ಮ' ಎನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ವನಜ ಬಂದು ಅದನ್ನೇ ಮತ್ತೆ ಕೇಳುತ್ತಿದ್ದಳು. ನಾನು ಸಾಕು ಎನ್ನುತ್ತಿದ್ದೆ. ಬಾಗಿಲ ಮರೆಯಲ್ಲಿದ್ದವರಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ವನಜ ಹೋಗಿ ಸಾಕಂತೆ ಎಂದು ವರದಿ ಮಾಡುತ್ತಿದ್ದಳು. ಅಷ್ಟರಲ್ಲಿ ಮುದ್ದೆ ತಟ್ಟೆಗೆ ಬಿದ್ದಿರುತ್ತಿತ್ತು.

ಕಾಲೇಜಿನ ವರ್ಕ್‌ಶಾಪಿನಲ್ಲಿ ಎರಡು ವರ್ಷ ಕೂತು ನನ್ನ ಯಂತ್ರ ತಯಾರು ಮಾಡಿದೆ. ಚರಕ ತಿರುಗಿಸಲು ಒಂದು ಸಣ್ಣ ಮೋಟಾರು. ನೂಲು ಹಾದುಹೋಗುವ ದಾರಿಯಲ್ಲಿ ಹಗುರವಾದ ಒಂದು ತಂತಿಯ ತೋಳು. ನೂಲು ಸರಿಯಾದ ದಪ್ಪವಿದ್ದರೆ ತೋಳು ತಗ್ಗಿರುತ್ತದೆ. ಸಣ್ಣಗಾದರೆ ಮೇಲೇಳುತ್ತದೆ, ಮೇಲೆದ್ದ ಕೂಡಲೇ ಕರೆಂಟು ಕೂಡಿ ಗಂಟೆ ಬಾರಿಸುತ್ತದೆ. ಗಂಟೆ ಕೇಳಿದವರು ಹೊಸ ಗೂಡು ಸೇರಿಸಬೇಕು, ಅಷ್ಟೇ. ಇದನ್ನು ಗೋಣಿಯಲ್ಲಿ ಸುತ್ತಿ ಪುಟ್ಟ ರೈಲಿನಲ್ಲಿ ಇಟ್ಟುಕೊಂಡು ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟಕ್ಕೆ ತಂದೆ. ಆ ರೈಲಿನ ಕುಲುಕಾಟಕ್ಕೆ ಗಂಟೆ ದಾರಿಯುದ್ದಕ್ಕೂ ಬಾರಿಸುತ್ತಲೇ ಬಂತು. ಎದುರಿಗೆ ಕೂತಿದ್ದ ಮುದುಕಿಯೊಬ್ಬರು ಗೋಣಿಗೆ ಕೈಮುಗಿದು, ಯಾವ ದೇವರಪ್ಪ ಎಂದು ಕೇಳಿದರು.

ಯಂತ್ರ ಕೂಡಿಸಿದ ದಿನ ಮನೆಯವರೆಲ್ಲ ಕೊಟ್ಟಿಗೆಯಲ್ಲಿ ನಿಂತು ನೋಡಿದರು. ಗಂಟೆ ಬಾರಿಸಿತು, ನೂಲು ಎರಡು ಸಲ ಹರಿಯಿತು. ಇವತ್ತು ಗೂಡು ಸರಿಯಿಲ್ಲ ಎಂದು ಮಾವನವರು ಗೂಡನ್ನು ಬೈದರು. ನಾನೂ ಗೂಡೇ ಸರಿಯಿಲ್ಲವೆಂದು ಒಪ್ಪಿಕೊಂಡೆ. ಪ್ರತಿದಿನದ ನೂಲಿನಿಂದ ಇಂತಿಷ್ಟು ಉದ್ದ ಅಳೆದು ತೆಗೆದು, ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿ, ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ವನಜಳಿಗೆ ವಹಿಸಿದೆ. ಉದ್ದ ಒಂದೇ ಇದ್ದಾಗ ತೂಕವೂ ಪ್ರತಿಸಲ ಒಂದೇ ಬಂದರೆ ನೂಲು ಒಂದೇ ದಪ್ಪ ಇದೆ ಎಂದರ್ಥ. ಅವಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದವಳು, ಮುತ್ತಿನಂಥ ಅಕ್ಷರ, ಸುಳ್ಳು ಹೇಳುವ ಹುಡುಗಿಯಲ್ಲ. ಎಷ್ಟು ತೂಕ ಬರಬೇಕು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟು ಬಂದೆ.

ಪ್ರತಿ ತಿಂಗಳೂ ಲೆಕ್ಕದ ಹಾಳೆಗಳು ಅಂಚೆಯಲ್ಲಿ ಬಂದವು. ಮೊದಲ ತಿಂಗಳು ಅಂಕಿಗಳು ಕುಣಿದಾಡಿದ್ದವು. ಎರಡನೇ ತಿಂಗಳಿನಿಂದ ಶಾಂತವಾದವು. ಮೂರನೆಯ ತಿಂಗಳು ಬಂದ ಹಾಳೆ ನೋಡಿ ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತುಬಿಟ್ಟೆ. ಇಡೀ ತಿಂಗಳ ಅಂಕಿಗಳು ಒಂದರ ಪಕ್ಕ ಒಂದು, ನಾನು ಚೀಟಿಯಲ್ಲಿ ಬರೆದುಕೊಟ್ಟ ಅಂಕಿಯನ್ನು ತಬ್ಬಿಕೊಂಡು ಕೂತಿದ್ದವು. ಗೈಡ್ ಸೀಮೆಸುಣ್ಣದ ಕೈಯಲ್ಲೇ ಹಾಳೆ ಹಿಡಿದುಕೊಂಡು, ಇದು ನಿಜವೇ ಎಂದರು. ಅಚ್ಚುಕಟ್ಟಾಗಿ ಎರಡು ವರ್ಷ ಹೀಗೇ ನಡೆಯಿತು. ನಡುನಡುವೆ ನಾನು ಶಿಡ್ಲಘಟ್ಟಕ್ಕೆ ಹೋಗುತ್ತಿದ್ದೆ. ಹೋಗುವ ಮೊದಲು ಕಾಗದ ಬರೆಯುತ್ತಿದ್ದೆ. ಅಳಿಯನಾದವನು ಕಾಗದ ಹಾಕದೆ ಹೋಗಬಾರದು. ನಾನು ಹೋದ ದಿನವೆಲ್ಲ ಯಂತ್ರ ಓಡುತ್ತಿತ್ತು, ಗಂಟೆ ಬಡಿದುಕೊಳ್ಳುತ್ತಿತ್ತು, ನೂಲು ಹರಿಯುತ್ತಿತ್ತು. ನೀವು ಬಂದ ದಿನವೇ ಹಿಂಗಾಗ್ತದೆ ನೋಡಿ ಎಂದು ಮಾವನವರು ಪೇಚಾಡುತ್ತಿದ್ದರು. ತಪಾಸಣೆ ವಿಭಾಗದಲ್ಲಿ ಐದು ವರ್ಷ ಅನುಮಾನವನ್ನೇ ತಿಂದು ಬದುಕಿದ ನಾನು ಅದನ್ನು ನಂಬಿದೆ. ಒಳ್ಳೆಯ ಅಂಕಿ ಸಿಕ್ಕಿದ ಮನುಷ್ಯನಿಗೆ ಅನುಮಾನ ಬರುವುದು ಬಹಳ ಕಷ್ಟ.

ಮಹಾಪ್ರಬಂಧ ಟೈಪಾಗಿ ಮೇಜಿನ ಮೇಲೆ ಕೂತಿತು. ಕಾಲೇಜಿನಲ್ಲಿ ಲೆಕ್ಚರರಿಗಿಂತ ಮೇಲಿನ ರೀಡರ್ ಹುದ್ದೆಯೊಂದು ಖಾಲಿಯಾಗಿತ್ತು. ಆ ವರ್ಷದೊಳಗೆ ಡಿಗ್ರಿ ಬಂದರೆ ಅದು ನನಗೆ, ಇಲ್ಲದಿದ್ದರೆ ಇನ್ನೊಬ್ಬರಿಗೆ. ಸಲ್ಲಿಸುವುದಕ್ಕೆ ಇನ್ನು ಹತ್ತು ದಿನ ಇದ್ದಾಗ ಗೈಡ್, ಯಂತ್ರದ ಒಂದು ಫೋಟೋ ಸೇರಿಸಿಬಿಡಿ ಎಂದರು. ಕಾಗದ ಬರೆದು ಉತ್ತರ ಕಾಯಲು ಸಮಯವಿರಲಿಲ್ಲ. ಪರಿಚಯದವರ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಬೆಳಗಿನ ರೈಲು ಹತ್ತಿದೆ. ಮದುವೆಯಾದಂದಿನಿಂದ ಮೊದಲ ಸಲ ಮಾವನ ಮನೆಗೆ ಹೇಳದೆ ಕೇಳದೆ ಹೋದೆ.

ಮುಂಬಾಗಿಲು ತೆರೆದಿತ್ತು, ಯಾರೂ ಕಾಣಲಿಲ್ಲ. ನೇರ ಹಿತ್ತಲಿಗೆ ಹೋದೆ. ಕೊಟ್ಟಿಗೆಯ ಮೂಲೆಯಲ್ಲಿ ನನ್ನ ಯಂತ್ರಕ್ಕೆ ಒಗೆದ ಬಿಳಿ ಪಂಚೆ ಹೊದಿಸಿದ್ದರು. ಮೇಲೆ ಅರಿಶಿನ, ಕುಂಕುಮ, ಅಂದೇ ಬೆಳಗ್ಗೆ ಇಟ್ಟ ಒಂದು ದಾಸವಾಳ. ಗಂಟೆಯ ನಾಲಗೆಗೆ ಹತ್ತಿ ಸುತ್ತಿ ದಾರ ಕಟ್ಟಿತ್ತು. ಇತ್ತ ಹಳೆಯ ಕೈಚರಕ ಗಿರ್ರನೆ ತಿರುಗುತ್ತಿತ್ತು. ಅದರ ಮುಂದೆ ಸೆರಗು ಸಿಕ್ಕಿಸಿಕೊಂಡು, ಹೊಗೆಯಾಡುವ ಬಾಣಲೆಯಲ್ಲಿ ಕೈಯಿಟ್ಟುಕೊಂಡು ಅತ್ತೆಯವರು ಕೂತಿದ್ದರು. ನನ್ನನ್ನು ಕಂಡವರೇ ದಡಬಡ ಎದ್ದು ಒಳಬಾಗಿಲ ಮರೆಗೆ ಸರಿದರು. ತಕ್ಕಡಿ ಹಿಡಿದಿದ್ದ ವನಜ ಹಾಗೇ ನಿಂತಳು. ಆ ತಕ್ಕಡಿಯಲ್ಲಿದ್ದುದು ಕೈಚರಕದ ನೂಲು.

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಎರಡನೇ ತಿಂಗಳಿಂದ ಭಾವ ಎಂದಳು ವನಜ. ಮತ್ತೆ ನನಗೆ ಲೆಕ್ಕ ಕಳಿಸುತ್ತಿದ್ದೆಯಲ್ಲ ಎಂದೆ. ಅವಳಿಗೆ ಅಳು ಬಂತು. ನೂಲು ತೂಗಿ ಬರಿ ಅಂದಿದ್ರಿ, ತೂಗಿ ಬರೆದೆ, ಒಂದು ಅಂಕಿನೂ ಸುಳ್ಳು ಬರೆದಿಲ್ಲ ಎಂದಳು. ಅದು ನಿಜ. ಯಾವುದರಲ್ಲಿ ಬಿಚ್ಚಿದ ನೂಲು ಎಂದು ಬರೆಯಲು ನಾನು ಹೇಳಿರಲಿಲ್ಲ. ತೋಟದಿಂದ ಓಡಿಬಂದ ಮಾವನವರು ತಪ್ಪನ್ನು ಮೊದಲು ಕರೆಂಟಿನ ಮೇಲೆ ಹಾಕಿದರು, ಆಮೇಲೆ ಗೂಡಿನ ಮೇಲೆ, ಕೊನೆಗೆ ನಿಜ ಹೇಳಿದರು. ಯಂತ್ರ ಕೂಡಿಸಿದ ವಾರವೇ ಅದು ಆಗದು ಎಂದು ಗೊತ್ತಾಗಿತ್ತಂತೆ. ಹೇಳುವವರು ಯಾರು? ಅಳಿಯನಿಗೆ ನಿಮ್ಮದು ಸರಿಯಿಲ್ಲ ಎನ್ನುವ ಬಾಯಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಗಳ ಗಂಡ, ದೊಡ್ಡ ಓದು ಓದಿದವರು, ಎರಡು ವರ್ಷ ಕಷ್ಟಪಟ್ಟು ಮಾಡಿ ತಂದಿದ್ದಾರೆ. ಅವರ ಅಂಕಿ ತಪ್ಪಿದರೆ ಅವರಿಗೆ ಅವಮಾನ, ಅದಕ್ಕೇ ಅತ್ತೆಯವರು ವನಜಳಿಂದ ಚೀಟಿ ಓದಿಸಿಕೊಂಡು, ಆ ತೂಕಕ್ಕೆ ಸರಿಯಾಗಿ ಕೈಯಲ್ಲೇ ಬಿಚ್ಚತೊಡಗಿದ್ದರು. ಮರ್ಯಾದೆ ಕೊಟ್ಟೇ ನನ್ನ ಸಂಶೋಧನೆಯನ್ನು ಮುಗಿಸಿಬಿಟ್ಟಿದ್ದರು.

ನಾನು ತಲೆ ಹಿಡಿದುಕೊಂಡು ಹಿತ್ತಲ ಕಲ್ಲಿನ ಮೇಲೆ ಕೂತೆ. ಯಂತ್ರದಲ್ಲಿ ಏನು ತಪ್ಪು ಅಂತಾನಾದರೂ ಯಾರಾದರೂ ಹೇಳಬಾರದಿತ್ತೇ ಎಂದು ಗೋಡೆಗೆ ಹೇಳಿದೆ. ಆ ಮನೆಯ ಪದ್ಧತಿ ನನಗೂ ಅಂಟಿಕೊಂಡಿತ್ತು. ಆಮೇಲೆ ಬಾಗಿಲ ಮರೆಯಿಂದ ದನಿ ಬಂತು. ಕಂಬಕ್ಕಲ್ಲ, ವನಜಳಿಗಲ್ಲ.

"ಅಳಿಯಂದಿರೇ, ನಿಮ್ಮ ಯಂತ್ರದ್ದು ತಪ್ಪೇನಿಲ್ಲ. ಅದಕ್ಕೆ ನೂಲು ಸಣ್ಣ ಆದಮೇಲೆ ಗೊತ್ತಾಗ್ತದೆ. ನಂಗೆ ಆಗೋಕೆ ಮುಂಚೇನೇ ಗೊತ್ತಾಗ್ತದೆ, ಅಷ್ಟೇಯ."

ಈ ಕೊನೆಯ ಎರಡು ವಾಕ್ಯವನ್ನು ನಮ್ಮ ಶಾಸ್ತ್ರದಲ್ಲಿ ಹೇಳಬೇಕಾದರೆ ಒಂದು ಅಧ್ಯಾಯ ಬೇಕು. ತಪ್ಪಾದಮೇಲೆ ತಿದ್ದುವುದು ಒಂದು ಬಗೆಯ ನಿಯಂತ್ರಣ, ತಪ್ಪು ಆಗದ ಹಾಗೆ ಮೊದಲೇ ನೋಡಿಕೊಳ್ಳುವುದು ಇನ್ನೊಂದು ಬಗೆ. ಇದನ್ನು ನಾನೇ ತರಗತಿಯಲ್ಲಿ ಬೋರ್ಡಿನ ತುಂಬ ಸಮೀಕರಣ ಬರೆದು ಪಾಠ ಮಾಡುತ್ತಿದ್ದೆ. ನನ್ನ ಯಂತ್ರ ಮೊದಲನೆಯ ಬಗೆಯದು, ಅದರಿಂದ ಎಂದೆಂದಿಗೂ ಸಮನಾದ ನೂಲು ಬರದು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ಸಹಿ ಹಾಕಲು ಬಾರದ ಅತ್ತೆಯವರಿಗೆ ಹೊಳೆದಿತ್ತು. ನನಗೆ ನಾಚಿಕೆಯಾಗಬೇಕಿತ್ತು. ಆದರೆ ನಿಜವಾಗಿ ಆದದ್ದು ನಾಚಿಕೆಯಲ್ಲ. ಮೈ ಝುಮ್ಮೆಂದಿತು.

ಫೋಟೋ ತೆಗೆಯಲು ಹೋದವನು ಮೂರು ದಿನ ಅಲ್ಲೇ ಉಳಿದೆ. ನಾನು ಪಕ್ಕಕ್ಕೆ ಮುಖ ಮಾಡಿ ಕೂತುಕೊಳ್ಳುವುದು, ಅವರು ಸೆರಗು ಮುಂದಕ್ಕೆಳೆದುಕೊಂಡು ಬಿಚ್ಚುವುದು ಎಂದು ಒಪ್ಪಂದವಾಯಿತು. ಅರ್ಧ ಗಂಟೆಯಲ್ಲಿ ಇಬ್ಬರೂ ಅದನ್ನು ಮರೆತೆವು. ಆ ಕೈಗಳನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಬಿಸಿನೀರಿನಲ್ಲಿ ವರ್ಷಾನುಗಟ್ಟಲೆ ನೆಂದು ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ನಾನು ಒಂದು ಬೆರಳು ಅದ್ದಿ ಅಯ್ಯೋ ಎಂದು ಎಳೆದುಕೊಂಡ ನೀರಿನಲ್ಲಿ ಅವು ಆರಾಮವಾಗಿ ಓಡಾಡುತ್ತಿದ್ದವು. ಎಂಟು ಗೂಡುಗಳಲ್ಲಿ ಯಾವುದು ಎಷ್ಟು ಮುಗಿದಿದೆ ಎನ್ನುವುದು ಅವರಿಗೆ ಗೊತ್ತು. ಹೇಗೆ ಎಂದು ಕೇಳಿದರೆ, ಒಳಗಿನ ಹುಳ ಕಪ್ಪಗೆ ಕಾಣೋಕೆ ಶುರುವಾದರೆ ಅದರದು ಆಯ್ತು ಅಂತ, ನೀರಲ್ಲಿ ಕುಣಿಯೋ ಕುಣಿತವೇ ಬೇರೆಯಾಗ್ತದೆ ಎಂದರು. ಹಳೆಯ ಗೂಡಿನ ಎಳೆ ಕೊನೆಕೊನೆಗೆ ಸಣ್ಣಗಾಗುತ್ತದೆ ಎಂದು ಹೊಸದನ್ನು ಯಾವಾಗ ಕೊಡಬೇಕೋ ಆವಾಗ ಕೊಡುತ್ತಿದ್ದರು, ಒಂದು ಕ್ಷಣ ಮೊದಲಲ್ಲ, ಒಂದು ಕ್ಷಣ ಆಮೇಲಲ್ಲ. ಇಷ್ಟೆಲ್ಲ ಮಾಡುವಾಗ ಅವರ ಕಣ್ಣು ಕೆಲಸದವಳ ಮೇಲೆ, ಮಾತು ಯಾರದೋ ಮನೆಯ ಹುಡುಗಿಯ ನಿಶ್ಚಿತಾರ್ಥದ ಮೇಲೆ. ನನ್ನ ಗಂಟೆಯ ಹತ್ತಿ ಬಿಚ್ಚಿ, ತೋಳನ್ನು ಅವರ ಕೈಚರಕದ ನೂಲಿಗೆ ಜೋಡಿಸಿದೆ. ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಅದು ಬಾರಿಸಿದ್ದು ಒಂದೇ ಸಲ, ಒಲೆಯ ಮೇಲೆ ಅವರೆಕಾಳು ಸಾರು ಉಕ್ಕಿತೆಂದು ಅವರು ತಿರುಗಿ ನೋಡಿದಾಗ. ಕಾರ್ಖಾನೆಯಲ್ಲಿ ವಿದೇಶದಿಂದ ಬಂದ ಎಷ್ಟೋ ಅಳತೆಯ ಉಪಕರಣಗಳನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು, ಒರೆಸಿ, ಮತ್ತೆ ಒಳಗಿಟ್ಟಿದ್ದೇನೆ. ಯಾವುದರ ಮುಂದೆಯೂ ನನಗೆ ಕೈಮುಗಿಯಬೇಕು ಎನ್ನಿಸಿರಲಿಲ್ಲ. ಆವತ್ತು ಅನ್ನಿಸಿತು.

ಹೊರಡುವ ದಿನ ಮಾವನವರು ನನ್ನನ್ನು ಸ್ಟೇಷನ್ನಿನವರೆಗೆ ಬಿಡಲು ಬಂದು, ದಾರಿಯಲ್ಲಿ ದನಿ ತಗ್ಗಿಸಿ ಹೇಳಿದರು. ಈ ವಿಷಯ ನಮ್ಮ ಹಿತ್ತಲು ದಾಟಿ ಹೋಗಲ್ಲ, ನಾಲ್ಕು ಜನ ಬಿಟ್ಟು ಯಾರಿಗೂ ತಿಳಿಯಲ್ಲ, ನೀವು ಧೈರ್ಯವಾಗಿ ಕೊಟ್ಟುಬಿಡಿ ಎಂದರು. ನಾನು ಸಾಧು ಸತ್ಪುರುಷನಲ್ಲ. ರೈಲಿನಲ್ಲಿ ನಂದಿಬೆಟ್ಟ ಕಣ್ಣಿಂದ ಮರೆಯಾಗುವವರೆಗೂ ಅದನ್ನೇ ಲೆಕ್ಕ ಹಾಕಿದೆ. ಅಂಕಿಗಳು ನಿಜ, ನೂಲು ನಿಜ, ಯಂತ್ರ ಇರುವುದೂ ನಿಜ; ಇವನ್ನು ಕೂಡಿಸುವ ಒಂದು ವಾಕ್ಯ ಮಾತ್ರ ಸುಳ್ಳು. ಇನ್ನೂರು ಪುಟದಲ್ಲಿ ಒಂದು ವಾಕ್ಯ. ರೀಡರ್ ಹುದ್ದೆಯ ಸಂಬಳ, ಸರೋಜಳ ಮುಖ, ಚಿಂತಾಮಣಿಯಲ್ಲಿ ಆಗಲೇ ಮಗ ಡಾಕ್ಟರ್ ಎಂದು ಹೇಳಿಕೊಂಡು ತಿರುಗುತ್ತಿದ್ದ ನಮ್ಮಪ್ಪ, ಎಲ್ಲ ಕಣ್ಣಮುಂದೆ ಬಂದವು. ಯಲಹಂಕ ಬರುವ ಹೊತ್ತಿಗೆ ಕೊಟ್ಟುಬಿಡುವುದೇ ಸರಿ ಎಂದು ತೀರ್ಮಾನಿಸಿದ್ದೆ. ಆದರೆ ಆ ವಾಕ್ಯ ಉಳಿದರೆ ಆ ಬೆರಳುಗಳ ಕೆಲಸವೆಲ್ಲ ನನ್ನ ತಂತಿಯ ತೋಳಿನ ಲೆಕ್ಕಕ್ಕೆ ಹೋಗುತ್ತದೆ ಎಂದು ನೆನಪಾಯಿತು. ಮನೆಗೂ ಹೋಗದೆ ನೇರ ಗೈಡ್ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ಅವರು ಕನ್ನಡಕ ತೆಗೆದು ಒರೆಸಿದರು. ಬೈಯುತ್ತಾರೆ ಎಂದು ನಾನು ಕಾದೆ.

"ಅಂಕಿ ತಪ್ಪಿಲ್ಲವಲ್ಲಪ್ಪ" ಎಂದರು ಕೊನೆಗೆ. "ಯಾರನ್ನು ಅಳೀತಿದ್ದೀರಿ ಅನ್ನೋದು ತಪ್ಪಾಗಿದೆ. ಹೋಗಿ, ಆಯಮ್ಮನ್ನ ಅಳೀರಿ."

ಅಳೆದೆ. ಮೂರು ವರ್ಷ ಹಿಡಿಯಿತು. ರೀಡರ್ ಹುದ್ದೆ ಇನ್ನೊಬ್ಬರಿಗೆ ಹೋಯಿತು. ಅವರು ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದಾಗ ನಾನು ಎರಡು ಮೈಸೂರು ಪಾಕು ತಿಂದು ಅಭಿನಂದನೆ ಹೇಳಿದೆ. ಸರೋಜ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, ನಮ್ಮಮ್ಮನ ಕೈಕೆಲಸವನ್ನ ನಿಮ್ಮದು ಅಂತ ಬರ್ಕೊಂಡಿದ್ರೆ ಇನ್ನೂ ಎಷ್ಟು ದಿನ ಮಾತು ಬಿಡ್ತಿದ್ನೋ ಗೊತ್ತಿಲ್ಲ ಎಂದಳು. ಅಷ್ಟರಮಟ್ಟಿಗೆ ಸಮಾಧಾನವಾಯಿತು. ಹೊಸ ಯಂತ್ರ ನೂಲನ್ನು ಬಿಟ್ಟು ಗೂಡುಗಳನ್ನೇ ನೋಡುತ್ತಿತ್ತು. ಗೂಡು ಹಗುರಾಗಿ ತೇಲುವುದನ್ನು ಹಿಡಿದು, ಮುಗಿಯುವ ಮೊದಲೇ ಗಂಟೆ ಬಾರಿಸುತ್ತಿತ್ತು. ಮೊದಲಿನದಕ್ಕಿಂತ ಎಷ್ಟೋ ವಾಸಿ. ಅತ್ತೆಯವರಿಗೆ ಮಾತ್ರ ಸಮನಾಗಲಿಲ್ಲ. ಇದನ್ನು ಮಹಾಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಒಂದು ಪುಟ ಬರೆದೆ: ಈ ಕೈ ಸಾಧಿಸುವ ಸಮತೆಯನ್ನು ನನ್ನ ಯಂತ್ರ ಸಾಧಿಸಿಲ್ಲ, ಯಾಕೆ ಎಂಬುದು ನನಗೆ ಪೂರ್ತಿ ತಿಳಿದಿಲ್ಲ. ಹನ್ನೊಂದು ಸಲ ತಿದ್ದಿದ ಪುಟ ಅದು. ಇಡೀ ಪುಸ್ತಕದಲ್ಲಿ ನನಗೆ ಹೆದರಿಕೆ ಇದ್ದದ್ದೂ ಹೆಮ್ಮೆ ಇದ್ದದ್ದೂ ಅದೊಂದೇ ಪುಟದ ಬಗ್ಗೆ. ಉತ್ತರ ಭಾರತದ ಕಡೆಯಿಂದ ಬರುವ ಪರೀಕ್ಷಕರು ಬಹಳ ಬಿಗಿ, ಅದೇ ಪುಟ ಹಿಡಿದು ಜಾಡಿಸುತ್ತಾರೆ ಎಂದು ಎಲ್ಲರೂ ಹೆದರಿಸಿದ್ದರು.

ಮೌಖಿಕ ಪರೀಕ್ಷೆಯ ದಿನ ಅವರು ಮೋಟಾರಿನ ಬಗ್ಗೆ ಕೇಳಿದರು, ಬೇರಿಂಗಿನ ಬಗ್ಗೆ ಕೇಳಿದರು, ಒಂದು ಸಮೀಕರಣದಲ್ಲಿ ಬಿಟ್ಟುಹೋಗಿದ್ದ ಚಿಹ್ನೆಯನ್ನೂ ಹಿಡಿದರು. ಆ ಪುಟದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ನನ್ನ ಪ್ರಾಮಾಣಿಕತೆಗೆ ಅವರು ಮೌನವಾಗಿ ತಲೆಬಾಗಿದ್ದಾರೆ ಎಂದು ನಾನು ತಿಳಿದೆ. ಕೈಕುಲುಕಿ ಡಿಗ್ರಿಗೆ ಶಿಫಾರಸು ಮಾಡಿದರು. ರೈಲಿನಲ್ಲಿ ಭಾರ ಎಂದು ತಮ್ಮ ಪ್ರತಿಯನ್ನು ನನಗೇ ವಾಪಸು ಕೊಟ್ಟರು.

ಆ ಪ್ರತಿಯನ್ನೇ ತೆಗೆದುಕೊಂಡು ಸರೋಜಳ ಜೊತೆ ಶಿಡ್ಲಘಟ್ಟಕ್ಕೆ ಹೋದೆ, ಈ ಸಲ ಕಾಗದ ಹಾಕಿ. ನಡುಮನೆಯಲ್ಲಿ ವನಜ ಕೃತಜ್ಞತೆಯ ಪುಟ ತೆಗೆದು, ಎಲ್ಲರಿಗಿಂತ ಮೊದಲಿದ್ದ ಪಿಳ್ಳಮ್ಮ ಎನ್ನುವ ಹೆಸರನ್ನು ಗಟ್ಟಿಯಾಗಿ ಓದಿದಳು. ಮಾವನವರು ಕಣ್ಣೊರೆಸಿಕೊಂಡರು. ಅತ್ತೆಯವರು ಬಾಗಿಲಿನಿಂದ ಈಚೆಗೆ ಬಂದು, ನನ್ನ ಎದುರಿಗೇ ಕೂತು, ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರು. ವನಜ ತೋರಿಸಿದ ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ಇಷ್ಟು ದಪ್ಪ ಏನು ಬರೆದಿದ್ದೀರಪ್ಪ ಎನ್ನುತ್ತ ಹೆಬ್ಬೆರಳಿನಲ್ಲಿ ಒಂದೊಂದೇ ಹಾಳೆ ಜಾರಿಸುತ್ತ ಹೋದರು, ಓದಲು ಬಾರದವರು ಪುಸ್ತಕಕ್ಕೆ ಮರ್ಯಾದೆ ಕೊಡುವ ರೀತಿ ಅದು. ಕೊನೆಕೊನೆಗೆ ಬಂದಾಗ ಹೆಬ್ಬೆರಳು ನಿಂತಿತು. ಒಂದು ಹಾಳೆಯನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಹೊಸಕಿದರು.

"ಇದು ದಪ್ಪ ಐತೆ" ಎಂದರು. "ಎರಡು ಹಾಳೆ ಅಂಟ್ಕೊಂಡಿವೆ. ಯಾರೂ ಬಿಡಿಸಿಲ್ಲ."

ಉಗುರಿನಿಂದ ಅಂಚನ್ನು ಬಿಡಿಸಿದರು. ಬೈಂಡಿನವನ ಗೋಂದು ಒಣಗಿ ಪರಪರ ಎಂದು ಸದ್ದಾಯಿತು. ಒಳಗೆ ಆ ಪುಟ, ಹನ್ನೊಂದು ಸಲ ತಿದ್ದಿದ್ದು, ಅಂಗಡಿಯಿಂದ ತಂದ ಹೊಸ ಬಟ್ಟೆಯಷ್ಟು ಚೊಕ್ಕಟವಾಗಿ ಕೂತಿತ್ತು. ಮುಂದಿನ ಪುಟದಲ್ಲಿ ಪರೀಕ್ಷಕರ ಕೆಂಪು ಪೆನ್ಸಿಲಿನ ಸರಿ ಗುರುತು ಇತ್ತು, ಹಿಂದಿನ ಪುಟದಲ್ಲೂ ಇತ್ತು.

ಅತ್ತೆಯವರು ನನ್ನ ಮುಖ ನೋಡಿದರು. ನನಗೆ ಆ ರಾತ್ರಿ ಹಿತ್ಕಿದ ಬೇಳೆ ಸಾರೂ ರುಚಿಸಲಿಲ್ಲ. ಒಂದು ವಾಕ್ಯದ ಸುಳ್ಳಿಗೆ ಹೆದರಿ ಮೂರು ವರ್ಷ ಕಳೆದವನು, ಒಂದು ಪುಟದ ಸತ್ಯವನ್ನು ಪರೀಕ್ಷಕರು ಓದದೆಯೇ ಪಾಸಾಗಿದ್ದೆ. ಬೆಂಗಳೂರಿಗೆ ವಾಪಸಾದವನೇ ಆ ಪುಟವನ್ನು ಟೈಪು ಮಾಡಿಸಿ, ಹೀಗೆ ಹೀಗೆ ಆಗಿದೆ, ಇದನ್ನು ಓದಿದ ಮೇಲೆ ತಮ್ಮ ಅಭಿಪ್ರಾಯ ಬದಲಾಗುವುದಾದರೆ ತಿಳಿಸಬೇಕು ಎಂದು ಪರೀಕ್ಷಕರಿಗೆ ವಿನಯದಿಂದ ಬರೆದೆ. ಅಂಚೆಗೆ ಹಾಕಿದ ಮೇಲೆ ಹದಿನೈದು ದಿನ ಅಂಚೆಯವನ ದಾರಿ ಕಾದೆ. ಉತ್ತರ ಬಂತು. ಒಳ್ಳೆಯ ಕಾಗದ, ದುಂಡಾದ ಅಕ್ಷರ. ಆ ಪುಟವನ್ನು ತಾವು ಮೊದಲೇ ವಿಶೇಷ ಆಸಕ್ತಿಯಿಂದ ಓದಿರುವುದಾಗಿಯೂ, ಅದು ಅಷ್ಟು ಸ್ಪಷ್ಟವಾಗಿದ್ದುದರಿಂದಲೇ ಪ್ರಶ್ನೆ ಕೇಳುವ ಅಗತ್ಯ ಕಾಣಲಿಲ್ಲವೆಂದೂ ಬರೆದಿದ್ದರು.

ನಾನು ಆ ಕಾಗದವನ್ನು ಎರಡು ಸಲ ಓದಿದೆ. ಬೆರಳಿನಲ್ಲಿ ಹಿಡಿದು ದಪ್ಪವನ್ನೂ ನೋಡಿದೆ, ನನಗೇನೂ ತಿಳಿಯಲಿಲ್ಲ. ಸರೋಜ ಏನು ಬರೆದಿದ್ದಾರೆ ಎಂದು ಕೇಳಿದಳು. ಬಹಳ ದೊಡ್ಡ ಮನುಷ್ಯರು, ಪ್ರತಿಯೊಂದು ಪುಟವನ್ನೂ ಓದಿದ್ದಾರೆ ಎಂದೆ. ನಂಬದೆ ಏನು ಮಾಡಲಿ? ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆಸಿದ ಹಲಗೆಯನ್ನು ಅಷ್ಟರಲ್ಲಿ ಬಾಗಿಲಿಗೆ ಮೊಳೆ ಹೊಡೆದು ಕೂಡಿಸಿಯಾಗಿತ್ತು.